ಸ್ಪರ್ಧೆಯೊಳಗಣ ಲೀಲೆ

2020ನೆಯ ಇಸವಿಯ ಮಾರ್ಚ್ 25 ಶಾರ್ವರಿ ಸಂವತ್ಸರದ ಯುಗಾದಿಯಾಗಿತ್ತು. ದೇಶವ್ಯಾಪಿಯಾದ ಲಾಕ್‌ಡೌನಿನ ಮೊದಲನೆಯ ದಿನವೂ ಅದೇ ಆಗಿತ್ತು. ಬೇವುಬೆಲ್ಲದ ಬಟ್ಟಲನ್ನು ಹಿಡಿದು ನೆರೆಮನೆಯ ಹೊಸ್ತಿಲವರೆಗೆ ಹೋಗುವುದಕ್ಕೂ ಅಂಜಬೇಕಾಗಿದ್ದ ಆ ಹಬ್ಬದಿಂದ ಮೊದಲುಗೊಂಡು ಮಕ್ಕಳ ಪಾಲಿಗೆ ಒಂದು ವಿಚಿತ್ರವಾದ ಕಾಲ ಆರಂಭವಾಯಿತು. ಶಾಲೆಗಳು ಅದಕ್ಕೂ ಮುಂಚೆಯೇ ಮುಚ್ಚಿದ್ದವು. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನವರಿಗೆ ಅವು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. 65 ವರ್ಷ ಮೀರಿದ ಹಿರಿಯರೂ 10 ವರ್ಷ ತುಂಬದ ಕಿರಿಯರೂ ಮನೆಯಲ್ಲಿಯೇ ಇರಬೇಕೆಂಬ ಸೂಚನೆ ಸರಕಾರದಿಂದ ಬಂದಿತು. ಹೀಗೆ ಅಜ್ಜಂದಿರನ್ನೂ ಮೊಮ್ಮಕ್ಕಳನ್ನೂ ಒಂದೇ ಶಾಸನವು ಬಂಧಿಸಿತಾದರೂ, ಅಜ್ಜಂದಿರಿಗೆ ನೆನಪುಗಳಾದರೂ ಇದ್ದವು. ಮೊಮ್ಮಕ್ಕಳಿಗೆ ಇದ್ದದ್ದು ಕೈಕಾಲುಗಳ ಚಾಪಲ್ಯವೊಂದೇ.

ಆ ಚಾಪಲ್ಯಕ್ಕೆ ಒಂದು ದಾರಿಯನ್ನು ಕಾಣಿಸಬೇಕೆಂಬ ಸದುದ್ದೇಶದಿಂದ ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳೂ ಅಪಾರ್ಟ್‌ಮೆಂಟುಗಳ ನಿವಾಸಿಗಳೂ ಆಗ ಕೈಕೊಂಡ ಉಪಾಯಗಳಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆಯೂ ಒಂದು. ಅದರ ಕ್ರಮ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ವಯಸ್ಸಿಗನುಸಾರವಾಗಿ ಎರಡೋ ಮೂರೋ ವಿಭಾಗಗಳು, ‘ಕೊರೊನಾ ಜಾಗೃತಿ’ ಎಂದೋ ‘ಮನೆಯಲ್ಲೇ ಇರಿ’ ಎಂದೋ ಒಂದು ವಿಷಯ, ಮಗುವು ಮನೆಯಲ್ಲಿ ಕುಳಿತು ಬರೆದ ಚಿತ್ರವನ್ನು ತಂದೆತಾಯಿಗಳು ಮೊಬೈಲಿನಲ್ಲಿ ಫೋಟೋ ಹಿಡಿದು ಸಂಚಾಲಕರ ವಾಟ್ಸಾಪಿಗೆ ಕಳುಹಿಸುವುದು, ಚಿತ್ರವು ಮಗುವಿನದೇ ಎಂಬುದಕ್ಕೆ ಸಾಕ್ಷಿಯಾಗಿ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತ ಮಗುವಿನ ಇನ್ನೊಂದು ಫೋಟೋ, ತೀರ್ಪುಗಾರರ ಪರಿಶೀಲನೆ, ಪ್ರಥಮ, ದ್ವಿತೀಯ, ತೃತೀಯ, ಸಮಾಧಾನಕರ, ಕಡೆಗೆ ಎಲ್ಲರಿಗೂ ಮೊಬೈಲಿನ ಮೂಲಕವೇ ಬಂದು ಸೇರುವ ಪ್ರಮಾಣಪತ್ರ. ಇದರಲ್ಲಿ ತತ್ತ್ವವಿಚಾರಕ್ಕೆ ಆಸ್ಪದವೇನಿದೆ ಎಂದು ಕೇಳಬಹುದು. ಆಸ್ಪದವಿದೆಯೆಂದೂ, ಆ ಹಾಳೆಗಳ ಕಟ್ಟಿನಲ್ಲಿ ನಮ್ಮ ವೇದಾಂತಿಗಳು ಬಹುಕಾಲ ಚರ್ಚಿಸಿದ ಒಂದು ಪ್ರಶ್ನೆ ಅಡಗಿದೆಯೆಂದೂ ನನ್ನ ಅಭಿಪ್ರಾಯ. ಪ್ರಯೋಜನವನ್ನು ಅಪೇಕ್ಷಿಸದೆ ಹುಟ್ಟತಕ್ಕ ಕ್ರಿಯೆಗೆ ನಾವು ಒಂದು ಪ್ರಯೋಜನವನ್ನು ಗಂಟುಹಾಕಿದರೆ ಆ ಕ್ರಿಯೆಯ ಸ್ವರೂಪ ಉಳಿಯುವುದೆ, ಅಳಿಯುವುದೆ? ಇದೇ ಆ ಪ್ರಶ್ನೆ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಬಾದರಾಯಣರು ಒಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾರೆ. ಲೋಕದಲ್ಲಿ ಯಾರೇ ಆಗಲಿ ಏನನ್ನಾದರೂ ಮಾಡುವುದು ಯಾವುದೋ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿ. ಪರಿಪೂರ್ಣವಾದ ಬ್ರಹ್ಮಕ್ಕೆ ಕೊರತೆಯೆಂಬುದೇ ಇಲ್ಲ. ಅಂದಮೇಲೆ ಅದು ಜಗತ್ತನ್ನು ಏಕೆ ಸೃಷ್ಟಿಸಬೇಕು? ಸೂತ್ರಕಾರರ ಉತ್ತರ, ಅದು ಲೀಲೆ ಎಂದು. ಈ ಉತ್ತರವನ್ನು ವಿವರಿಸುವಲ್ಲಿ ಮೂವರು ಆಚಾರ್ಯರೂ ಬೇರೆ ಬೇರೆ ದೃಷ್ಟಾಂತಗಳನ್ನು ಕೊಡುವುದು ಗಮನಾರ್ಹವಾಗಿದೆ. ಬಯಕೆಗಳೆಲ್ಲ ತೀರಿದ ಅರಸನೋ ಅಮಾತ್ಯನೋ ಕ್ರೀಡೆಯಲ್ಲಿ ತೊಡಗುವುದನ್ನು ಹೇಳಿದ ಶಂಕರರು, ಅದರೊಡನೆ ನಮ್ಮ ಉಚ್ಛ್ವಾಸ ನಿಶ್ವಾಸಗಳನ್ನೂ ಹೇಳುತ್ತಾರೆ. ಉಸಿರು ಒಂದು ಫಲವನ್ನು ಉದ್ದೇಶಿಸಿ ಹೊರಡುವುದಲ್ಲ, ಅದು ಸ್ವಭಾವ. ರಾಮಾನುಜರು ಮಹಾರಾಜನೊಬ್ಬನ ಚೆಂಡಾಟವನ್ನು ನೆನೆಯುತ್ತಾರೆ. ಉಡುಪಿಯ ಮಧ್ವಾಚಾರ್ಯರಾದರೋ ಸುಖವು ಉಕ್ಕಿದ್ದರಿಂದಲೇ ಕುಣಿಯುವ, ಹಾಡುವ ಮತ್ತನನ್ನು ನಿದರ್ಶನವಾಗಿ ನಿಲ್ಲಿಸುತ್ತಾರೆ. ಸಿದ್ಧಾಂತದಲ್ಲಿ ಮೂವರಿಗೂ ಇರುವ ಅಂತರ ಪ್ರಸಿದ್ಧವೇ ಆಗಿದೆ. ಆದರೆ ಪೂರ್ಣತೆಯಿಂದ ಹೊಮ್ಮುವ ಕ್ರಿಯೆಯೊಂದುಂಟೆಂಬಲ್ಲಿ ಮೂವರೂ ಒಂದೇ.

ಎರಡು ಮೂರು ವರ್ಷದ ಮಗುವಿನ ಕೈಗೆ ಒಂದು ಬಣ್ಣದ ಕಡ್ಡಿ ಸಿಕ್ಕಿದರೆ ಅದು ಮಾಡುವ ಕೆಲಸದಲ್ಲಿ ಈ ಮೂರು ದೃಷ್ಟಾಂತಗಳೂ ಒಂದುಗೂಡುವುದನ್ನು ಯಾರು ಬೇಕಾದರೂ ಕಾಣಬಹುದು. ಅದು ಗೋಡೆಯ ಮೇಲೆ ಗೆರೆ ಎಳೆಯುವುದು ಉಸಿರಿನಷ್ಟೇ ಸಹಜವಾಗಿ. ಗೆರೆಯ ಹಿಂದೆಯೇ ತಾನೂ ಓಡುವುದು ಚೆಂಡಿನ ಹಿಂದೆ ಓಡುವಂತೆ. ಮುಗಿದಮೇಲೆ ಕುಣಿಯುವುದು ಸುಖವು ಉಕ್ಕಿದ್ದರಿಂದ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಅದಕ್ಕೆ ಹುಟ್ಟಿಯೇ ಇರುವುದಿಲ್ಲ. ಅದನ್ನು ಹುಟ್ಟಿಸುವವರು ನಾವು.

ಅಷ್ಟರಿಂದಲೇ ಸ್ಪರ್ಧೆಯು ಲೀಲೆಗೆ ವೈರಿಯೆಂದು ನಿರ್ಣಯಿಸಿಬಿಡುವುದು ಆತುರವಾದೀತು. ರಾಮಾನುಜರ ಚೆಂಡಾಟವನ್ನೇ ಮುಂದಿಟ್ಟುಕೊಂಡು ನೋಡೋಣ. ಆಟಕ್ಕೆ ನಿಯಮವುಂಟು, ಎಲ್ಲೆಯುಂಟು, ಅನೇಕ ವೇಳೆ ಸೋಲು ಗೆಲವುಗಳೂ ಉಂಟು. ಹಾಗಿದ್ದೂ ಆಟವು ಆಟವಾಗಿಯೇ ಉಳಿಯುವುದು ಅದರ ಗೆಲವು ಅದರೊಳಗೇ ಮುಗಿದುಹೋಗುವುದರಿಂದ. ಲಗೋರಿಯಲ್ಲಿ ಗೆದ್ದ ಹುಡುಗ ಆ ಗೆಲವನ್ನು ಮನೆಗೆ ಹೊತ್ತುಕೊಂಡು ಬರುವುದಿಲ್ಲ. ಮರುದಿನ ಅವನೂ ಸೋತವನೂ ಅದೇ ನೆಲದ ಮೇಲೆ ಸಮನಾಗಿ ನಿಲ್ಲುತ್ತಾರೆ. ಗೆಲವು ಆಟದಿಂದ ಹೊರಗೆ ಬಂದು ಪ್ರಮಾಣಪತ್ರವಾಗಿ ಗೋಡೆಯ ಮೇಲೆ ಕುಳಿತು, ಬಂದುಹೋಗುವವರ ಮುಂದೆ ಮಗುವಿನ ಬೆಲೆಯನ್ನು ಸಾರಲು ತೊಡಗಿದಾಗ ಲೀಲೆಯು ವ್ಯವಹಾರವಾಗುತ್ತದೆ. ಆದುದರಿಂದ ಇಲ್ಲಿ ವಿವೇಚಿಸಬೇಕಾದದ್ದು ನಿಮಿತ್ತಕ್ಕೂ ಪ್ರಯೋಜನಕ್ಕೂ ಇರುವ ಭೇದವನ್ನು. ದಸರೆಯ ರಂಗೋಲಿ ಸ್ಪರ್ಧೆಯಲ್ಲಿ ಚುಕ್ಕೆಯಿಡುವ ಗೃಹಿಣಿ ಅದೇ ಕೈಯಿಂದ ಪ್ರತಿದಿನ ಬೆಳಗ್ಗೆ ತನ್ನ ಬಾಗಿಲ ಮುಂದೆಯೂ ಚುಕ್ಕೆಯಿಟ್ಟಿರುತ್ತಾಳೆ. ಅದನ್ನು ಸಂಜೆಯೊಳಗೆ ದಾರಿಹೋಕರು ತುಳಿದಿರುತ್ತಾರೆ, ಯಾರೂ ಅಂಕ ಕೊಟ್ಟಿರುವುದಿಲ್ಲ. ಸ್ಪರ್ಧೆಯು ಅವಳ ಕಲೆಗೆ ಒಂದು ದಿನದ ನಿಮಿತ್ತವಾಯಿತೇ ಹೊರತು ಅವಳು ಬಹುಮಾನಕ್ಕಾಗಿ ರಂಗೋಲಿ ಕಲಿತವಳಲ್ಲ. ನಿಮಿತ್ತವು ಕ್ರಿಯೆಯನ್ನು ಎಬ್ಬಿಸಿ ತಾನು ಪಕ್ಕಕ್ಕೆ ಸರಿಯುತ್ತದೆ; ಪ್ರಯೋಜನವು ಕ್ರಿಯೆಯ ಎದುರಿಗೆ ನಿಂತು ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಲಾಕ್‌ಡೌನಿನ ಸ್ಪರ್ಧೆಗಳು ಇವೆರಡರಲ್ಲಿ ಯಾವುದಾಗಿದ್ದವು?

ನಾನು ಕಂಡ ಚಿತ್ರಗಳ ಸಾಕ್ಷ್ಯ ಮಿಶ್ರವಾಗಿದೆ. ಬಹುಪಾಲು ಹಾಳೆಗಳ ನಡುವೆ ಒಂದು ಗುಂಡು, ಗುಂಡಿನ ಮೈತುಂಬ ಮುಳ್ಳು. 2020ರ ಆರಂಭದಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರದ ಚಿತ್ರಕಾರರಾದ ಅಲಿಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ಎಂಬವರು ರಚಿಸಿದ ಬೂದು ಗುಂಡು, ಕೆಂಪು ಮುಳ್ಳುಗಳ ಆಕೃತಿಯು ಪತ್ರಿಕೆ, ದೂರದರ್ಶನಗಳ ಮೂಲಕ ಲೋಕವನ್ನೆಲ್ಲ ಸುತ್ತಿ ನಮ್ಮ ಮಕ್ಕಳ ಹಾಳೆಗೂ ಬಂದು ಇಳಿದಿತ್ತು. ವಾಸ್ತವದಲ್ಲಿ ಆ ವೈರಾಣುವಿನ ವ್ಯಾಸ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಬೆಳಕಿನ ಅಲೆಗಿಂತ ಕಿರಿದಾದದ್ದರಿಂದ ನಾವು ಬಣ್ಣವೆನ್ನುವುದು ಅದಕ್ಕೆ ಇರಲಾರದು. ಬಣ್ಣವಿಲ್ಲದ್ದಕ್ಕೆ ಮಕ್ಕಳು ಹಸುರು, ನೇರಳೆ, ಕೆಂಪುಗಳನ್ನು ಬಳಿದರು. ಕೋರೆಹಲ್ಲುಗಳನ್ನೂ ಮೀಸೆಯನ್ನೂ ಇಟ್ಟು ಅದನ್ನು ಅಸುರನನ್ನಾಗಿ ಮಾಡಿದರು. ಅಸುರನ ಎದುರಿಗೆ ಬಿಳಿಯ ಕೋಟಿನ ವೈದ್ಯೆಯನ್ನು ಅನೇಕ ಕೈಗಳುಳ್ಳ ದುರ್ಗೆಯಾಗಿ ನಿಲ್ಲಿಸಿದರು.

ಇದನ್ನು ಬಾಲಿಶವೆಂದು ನಗುವವರು ನಮ್ಮ ಹಿರಿಯರನ್ನೂ ನಗಬೇಕಾಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಲ್ಲಿ ಜನರು ಆ ವ್ಯಾಧಿಯನ್ನೇ ತಾಯಿಯಾಗಿ ಭಾವಿಸಿ ಪ್ಲೇಗಿನ ಮಾರಮ್ಮನಿಗೆ ಗುಡಿ ಕಟ್ಟಿದರು; ಅಂಥ ಗುಡಿಗಳು ನಗರದಲ್ಲಿ ಈಗಲೂ ಇವೆ. ರೂಪವಿಲ್ಲದ ಭಯದೊಡನೆ ಮಾತಾಡುವುದು ಅಶಕ್ಯ. ಅದಕ್ಕೆ ಕಣ್ಣು, ಮೂಗು, ಹೆಸರುಗಳನ್ನು ಕೊಟ್ಟಮೇಲೆ ಬೇಡಬಹುದು, ಬೈಯಬಹುದು, ಹರಕೆ ಹೊರಬಹುದು. ಪ್ರತೀಕೋಪಾಸನೆಯನ್ನು ನಮ್ಮ ಶಾಸ್ತ್ರಗಳು ಅಂಗೀಕರಿಸಿರುವುದು ಮನಸ್ಸಿನ ಈ ಅಗತ್ಯವನ್ನು ಬಲ್ಲುದರಿಂದಲೇ ಇರಬೇಕು. ಮನೆಯ ಮೂಲೆಯಲ್ಲಿ ಕುಳಿತು ತಾನು ಕಾಣದ ಶತ್ರುವಿಗೆ ಕೋರೆಹಲ್ಲು ಬರೆದ ಮಗುವು ಮಾಡಿದ್ದೂ ತತ್ತ್ವತಃ ಇದನ್ನೇ.

ಆದರೆ ಅದೇ ಗುಂಡು, ಅದೇ ಮುಳ್ಳು, ಅದೇ ಮುಖಗವುಸು ತೊಟ್ಟ ಭೂಗೋಲವು ಹಾಳೆಯಿಂದ ಹಾಳೆಗೆ ಮರುಕಳಿಸಿದಾಗ ಬೇರೊಂದು ಸಂದೇಹ ಬರುತ್ತದೆ. ಮಗುವು ತನ್ನ ಭಯವನ್ನು ಬರೆಯಿತೋ, ಅಥವಾ ತೀರ್ಪುಗಾರರು ಏನನ್ನು ಮೆಚ್ಚುವರೆಂಬ ತನ್ನ ಊಹೆಯನ್ನು ಬರೆಯಿತೋ? ವಿಷಯವನ್ನು ಮೇಲಿನಿಂದ ಇಳಿಸಿ ಅದಕ್ಕೆ ಬಹುಮಾನವನ್ನೂ ತೂಗುಹಾಕಿದಾಗ ಚಿತ್ರವು ಭಿತ್ತಿಪತ್ರವಾಗುವುದು ಸುಲಭ. ಅಲ್ಲೊಂದು ಇಲ್ಲೊಂದು ಹಾಳೆಯಲ್ಲಿ ಮಾತ್ರ ವಿಷಯದ ಬೇಲಿಯನ್ನು ಹಾರಿದ ಮಕ್ಕಳಿದ್ದರು. ಉದ್ಯಾನದ ಗೇಟಿಗೆ ಹಾಕಿದ ಬೀಗವನ್ನು ಹಾಳೆಯ ಅರ್ಧದಷ್ಟು ದೊಡ್ಡದಾಗಿ ಬರೆದು ಅದರ ಹಿಂದೆ ಉಯ್ಯಾಲೆಯನ್ನು ಬೆರಳುಗುರಿನಷ್ಟು ಮಾಡಿದವರು, ಮೊಬೈಲಿನ ಚೌಕದಲ್ಲಿ ಅಜ್ಜಿಯ ಅರ್ಧಮುಖವನ್ನಷ್ಟೇ ಬರೆದವರು. ಮೊಬೈಲನ್ನು ಹಿಡಿಯಲು ಬಾರದ ಅಜ್ಜಿಯರು ಆ ದಿನಗಳಲ್ಲಿ ಮೊಮ್ಮಕ್ಕಳಿಗೆ ಕಂಡದ್ದೇ ಹಾಗೆ! ಬೀಗದ ಪರಿಮಾಣವನ್ನು ಅಂಗುಲದಿಂದ ಅಳೆದವನಿಗೆ ಅದು ದೋಷ. ಮಗುವಿನ ದುಃಖದಿಂದ ಅಳೆದವನಿಗೆ ಅದಕ್ಕಿಂತ ನಿಖರವಾದ ಪ್ರಮಾಣವಿಲ್ಲ.

ಇಲ್ಲಿ ತೀರ್ಪಿನ ಪ್ರಶ್ನೆ ಎದುರಾಗುತ್ತದೆ. ತೀರ್ಪುಗಾರಿಕೆಯು ನಮ್ಮ ಪರಂಪರೆಗೆ ಹೊರತಾದುದೇನೂ ಅಲ್ಲ. ಭರತನ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ನಿರ್ಣಯಿಸುವ ಪ್ರಾಶ್ನಿಕರನ್ನು ವಿವರಿಸುತ್ತದೆ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ಅರಸ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಎಂದು ಹತ್ತು ಬಗೆಯ ಪರಿಣತರನ್ನು ಹೆಸರಿಸಿ, ಒಬ್ಬೊಬ್ಬನೂ ತನಗೆ ತಿಳಿದ ಅಂಶವನ್ನು ಮಾತ್ರ ಪರೀಕ್ಷಿಸಬೇಕೆಂಬ ವ್ಯವಸ್ಥೆಯನ್ನು ಮಾಡುತ್ತದೆ. ಗೆದ್ದವರಿಗೆ ಪತಾಕೆಯನ್ನೂ ವಿಧಿಸುತ್ತದೆ. ಎಂಥ ಜಾಗರೂಕತೆ! ಆದರೆ ಆ ಪತಾಕೆಗಾಗಿ ರಂಗಕ್ಕೆ ಬಂದವರು ವರ್ಷಗಟ್ಟಲೆ ಶಿಕ್ಷಣ ಪಡೆದ ನಟರು. ತಮ್ಮ ವಿದ್ಯೆಯನ್ನು ಪರೀಕ್ಷೆಗೊಡ್ಡಲು ತಾವಾಗಿಯೇ ಒಪ್ಪಿದವರು. ಆರು ವರ್ಷದ ಮಗುವು ಹಾಗೆ ಯಾವ ವಿದ್ಯೆಯನ್ನೂ ಪರೀಕ್ಷೆಗೊಡ್ಡಿರುವುದಿಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವಂತೂ ನೋಡುವವರನ್ನೇ ವಿಂಗಡಿಸಿ, ಆಚಾರ್ಯರ ಮೆಚ್ಚುಗೆ ರೇಖೆಗೆ, ಸಾಮಾನ್ಯರ ಮೆಚ್ಚುಗೆ ಬಣ್ಣದ ಸಮೃದ್ಧಿಗೆ ಎಂದು ಗುರುತಿಸುತ್ತದೆ. ಅಂದರೆ ತೀರ್ಪು ಚಿತ್ರವನ್ನು ತಿಳಿಸುವಷ್ಟೇ ತೀರ್ಪುಗಾರನನ್ನೂ ತಿಳಿಸುತ್ತದೆಯೆಂಬುದನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು.

ಆಧುನಿಕ ಲೋಕವೂ ಈ ವಿಷಯದಲ್ಲಿ ಒಂದೇ ಮನಸ್ಸಿನಿಂದ ನಡೆದಿಲ್ಲ. 1912ರಿಂದ 1948ರವರೆಗೆ ಒಲಿಂಪಿಕ್ ಕ್ರೀಡೆಗಳಲ್ಲಿ ಓಟ, ಜಿಗಿತಗಳೊಡನೆ ಚಿತ್ರಕಲೆ, ಶಿಲ್ಪ, ಸಾಹಿತ್ಯ, ಸಂಗೀತ, ವಾಸ್ತುಗಳಿಗೂ ಪದಕಗಳಿದ್ದವು. ಅನಂತರ ಅವನ್ನು ಕೈಬಿಡಲಾಯಿತು. ವಿಯೆನ್ನಾದಲ್ಲಿ 1897ರಲ್ಲಿ ಮಕ್ಕಳಿಗಾಗಿ ಚಿತ್ರವರ್ಗವನ್ನು ತೆರೆದ ಫ್ರಾಂಜ್ ಚಿಜೆಕ್, ಮಗುವಿಗೆ ನಮ್ಮ ನಿಯಮಗಳನ್ನು ಕಲಿಸುವುದಕ್ಕಿಂತ ಅದರೊಳಗಿನದನ್ನು ಬೆಳೆಯಗೊಡುವುದು ಮೇಲೆಂದು ನಂಬಿದವನು. ನಮ್ಮ ದೇಶದಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ಮೊದಲು ಮಾಡಿದ ಮಕ್ಕಳ ಚಿತ್ರಸ್ಪರ್ಧೆಯು ಬೇಗನೆ ಅಂತರರಾಷ್ಟ್ರೀಯವಾಗಿ ಬೆಳೆದು ಲೋಕದ ನಾನಾ ಮೂಲೆಗಳ ಮಕ್ಕಳ ಹಾಳೆಗಳನ್ನು ದೆಹಲಿಗೆ ತರಿಸಿತು. ಹೀಗೆ ಸ್ಪರ್ಧೆಯಿಂದ ಒಳಿತಾದ ನಿದರ್ಶನವೂ ಇದೆ, ಸ್ಪರ್ಧೆಯನ್ನು ದೂರವಿಟ್ಟು ಒಳಿತಾದ ನಿದರ್ಶನವೂ ಇದೆ. ಪೂರ್ವಪಕ್ಷ, ಸಿದ್ಧಾಂತಗಳೆರಡಕ್ಕೂ ಇತಿಹಾಸವು ಸಾಕ್ಷಿ ಹೇಳಲು ಸಿದ್ಧವಾಗಿದೆ.

ಆದುದರಿಂದ ಮಗುವನ್ನೇ ಕೇಳುವುದು ಮೇಲು. ಚಿತ್ರ ಮುಗಿದ ಕೂಡಲೇ ಮಗು ಏನು ಮಾಡುತ್ತದೆ? ಹಾಳೆಯನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿ “ಅಮ್ಮ, ನೋಡು” ಎನ್ನುತ್ತದೆ. ಎಷ್ಟು ಚೆನ್ನಾಗಿದೆ ಹೇಳು ಎಂದಾಗಲಿ, ಅಣ್ಣನದಕ್ಕಿಂತ ಮೇಲೋ ಕೀಳೋ ಎಂದಾಗಲಿ ಅದರ ಮೊದಲ ಮಾತು ಇರುವುದಿಲ್ಲ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರವನ್ನು ಆಶ್ರಯಿಸಿದ ಎರಡು ಹಕ್ಕಿಗಳ ಪ್ರಸ್ತಾಪವಿದೆ. ಒಂದು ಹಣ್ಣನ್ನು ತಿನ್ನುತ್ತದೆ, ಮತ್ತೊಂದು ತಿನ್ನದೆ ನೋಡುತ್ತಿರುತ್ತದೆ. ಈ ನೋಡುವ ಹಕ್ಕಿಯನ್ನು ನಾವು ಉದಾಸೀನವೆಂದು ತಿಳಿಯುವುದುಂಟು. ಆದರೆ ತಿನ್ನುವ ಹಕ್ಕಿಯ ಶೋಕವು ನೀಗುವುದು ಅದು ನೋಡುವ ಹಕ್ಕಿಯನ್ನು ಕಂಡಾಗಲೇ ಎಂದು ಆ ಉಪನಿಷತ್ತು ಮುಂದುವರಿಯುತ್ತದೆ. ಸಾಕ್ಷಿಯ ನೋಟವು ಬರಿಯ ನೋಟವಾಗಿರದೆ ಸಂತೈಕೆಯೂ ಆಗಿದೆ. ಮಗುವು ಬೇಡುವುದು ಇಂಥ ಸಾಕ್ಷಿಯನ್ನು. ನಾವು ಅದಕ್ಕೆ ಒದಗಿಸುವುದು ನ್ಯಾಯಾಧೀಶನನ್ನು. ನೋಡೆಂದು ಕೇಳಿದವನಿಗೆ ಅಂಕವನ್ನು ಕೊಡುವುದು ಬಾಯಾರಿದವನಿಗೆ ನೀರಿನ ಬೆಲೆಯನ್ನು ತಿಳಿಸಿದಂತಾಗುತ್ತದೆ.

ಲಾಕ್‌ಡೌನಿನ ಕಾಲದಲ್ಲಿ ಈ ಬೇಡಿಕೆಯು ತೀವ್ರವಾಯಿತು. ಅದನ್ನು ಪೂರೈಸುವ ಕಣ್ಣುಗಳು ಅಷ್ಟೇ ವಿರಳವಾದವು. ಉಪಾಧ್ಯಾಯರಿಲ್ಲ, ಸಹಪಾಠಿಗಳಿಲ್ಲ, ಊರಿಂದ ಬರುವ ಮಾವನಿಲ್ಲ; ಮನೆಯಲ್ಲಿದ್ದ ತಂದೆತಾಯಿಗಳ ಕಣ್ಣು ಕಂಪ್ಯೂಟರಿನಲ್ಲಿ, ಇಲ್ಲವೆ ಅಂದಂದಿನ ಸೋಂಕಿನ ಅಂಕಿಗಳಲ್ಲಿ. ಆ ವರ್ಷದ ವಸಂತದಲ್ಲಿ ಇಟಲಿಯ ಮಕ್ಕಳು, ಎಲ್ಲವೂ ಸರಿಹೋಗುವುದೆಂಬ ಮಾತಿನೊಡನೆ ಕಾಮನಬಿಲ್ಲುಗಳನ್ನು ಬರೆದು ಬಾಲ್ಕನಿ, ಕಿಟಕಿಗಳಿಂದ ತೂಗುಬಿಟ್ಟರು. ಬ್ರಿಟನ್ ಮೊದಲಾದ ದೇಶಗಳಲ್ಲಿಯೂ ಕಿಟಕಿಗಳು ಹಾಗೆಯೇ ತುಂಬಿದವು. ಅಲ್ಲಿ ತೀರ್ಪುಗಾರರಿರಲಿಲ್ಲ, ಬಹುಮಾನವಿರಲಿಲ್ಲ. ಬೀದಿಯಲ್ಲಿ ಹಾದುಹೋಗುವ ಯಾವನೋ ಒಬ್ಬನು ತಲೆಯೆತ್ತಿ ನೋಡಿಯಾನೆಂಬ ಭರವಸೆ ಸಾಕಾಗಿತ್ತು. ಇದಕ್ಕಿಂತ ಎಷ್ಟೋ ಘೋರವಾದ ಬಂಧನದಲ್ಲಿ, ಹೋಲಿಕೆಗೆ ತರುವುದೇ ಅಪಚಾರವಾಗುವಂಥ ಬಂಧನದಲ್ಲಿ, ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಎಂಬ ಕಲಾವಿದೆ ನಾಜಿಗಳ ಟೆರೆಜಿನ್ ಶಿಬಿರದ ಮಕ್ಕಳಿಗೆ ಚಿತ್ರ ಕಲಿಸಿದಳು. ಪ್ರತಿಯೊಂದು ಮಗುವೂ ತನ್ನ ಚಿತ್ರಕ್ಕೆ ತನ್ನ ಹೆಸರನ್ನು ಬರೆಯಬೇಕೆಂಬುದು ಅವಳ ಒತ್ತಾಯವಾಗಿತ್ತು. 1944ರ ಅಕ್ಟೋಬರಿನಲ್ಲಿ ಅವಳನ್ನು ಔಷ್‌ವಿಟ್ಜಿನಲ್ಲಿ ಕೊಂದರು. ಮಕ್ಕಳಲ್ಲಿ ಬಹುಮಂದಿ ಉಳಿಯಲಿಲ್ಲ. ಸುಮಾರು 4,500 ಚಿತ್ರಗಳು ಉಳಿದು ಇಂದು ಪ್ರಾಗ್ ನಗರದ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಮನುಷ್ಯರನ್ನು ಅಂಕೆಗಳನ್ನಾಗಿ ಮಾಡುತ್ತಿದ್ದ ಸ್ಥಳದಲ್ಲಿ ಆಕೆ ಹೆಸರನ್ನು ಬರೆಯಿಸಿದಳೆಂಬುದನ್ನು ನೆನೆದಾಗ, ಮಗುವಿನ ಚಿತ್ರಕ್ಕೆ ಹಿರಿಯರು ಸಲ್ಲಿಸಬಹುದಾದ ಮೊದಲನೆಯ ಗೌರವ ಯಾವುದೆಂಬುದು ಸಂದೇಹಕ್ಕೆಡೆಯಿಲ್ಲದಂತೆ ತಿಳಿಯುತ್ತದೆ.

ಪ್ರತಿಪಕ್ಷದ ಮಾತನ್ನೂ ಕೇಳಬೇಕು. ಲೋಕವೇ ಸ್ಪರ್ಧೆಯಿಂದ ತುಂಬಿರುವಾಗ ಮಗುವನ್ನು ಅದರಿಂದ ಕಾಪಾಡಿ ಏನು ಫಲ? ಆ ಸಂಕಟದ ನಡುವೆಯೂ 2020ರ ಜೂನ್ ಕಡೆಯಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯಿತಲ್ಲವೆ? ಬಹುಮಾನವಿಲ್ಲದಿದ್ದರೆ ಎಷ್ಟು ಮಕ್ಕಳು ಮೊಬೈಲನ್ನು ಕೆಳಗಿಟ್ಟು ಕುಂಚವನ್ನು ಹಿಡಿಯುತ್ತಿದ್ದರು? ಈ ವಾದದಲ್ಲಿ ಸತ್ಯಾಂಶವುಂಟು. ಒಂದು ಗಡುವು, ಒಂದು ಅಳತೆಯ ಹಾಳೆ, ಒಂದು ಕರೆ ಇವುಗಳಿಲ್ಲದೆ ಆ ಚಿತ್ರಗಳಲ್ಲಿ ಎಷ್ಟೋ ಹುಟ್ಟುತ್ತಲೇ ಇರಲಿಲ್ಲ. ದಿನಗಳೆಲ್ಲ ಒಂದೇ ಬಗೆಯಾಗಿದ್ದಾಗ, ಬರುವ ಭಾನುವಾರದೊಳಗೆ ಚಿತ್ರವನ್ನು ಕೊಡಬೇಕೆಂಬುದೇ ಮಗುವಿನ ಕಾಲಕ್ಕೆ ಒಂದು ಆಕಾರವನ್ನು ಕೊಟ್ಟಿತು. ಸ್ಪರ್ಧೆಯು ಇಷ್ಟರಮಟ್ಟಿಗೆ ನಿಮಿತ್ತವಾಯಿತು, ಉಪಕಾರವನ್ನೂ ಮಾಡಿತು. ಅದು ಪ್ರಯೋಜನವಾಗಿ ತಿರುಗಿದ್ದು ಬಹುಮಟ್ಟಿಗೆ ಮಕ್ಕಳ ಮನಸ್ಸಿನಲ್ಲಿ ಅಲ್ಲ. ಮೇಲ್ವಿಚಾರಕರಿಲ್ಲದ ಆ ಪರೀಕ್ಷಾಮಂದಿರದಲ್ಲಿ, ಏಳು ವರ್ಷದವರ ಚಿತ್ರದಲ್ಲಿ ಮೂವತ್ತೇಳು ವರ್ಷದ ಕೈಯ ಛಾಯೆ ಕಾಣಿಸಿಕೊಂಡದ್ದನ್ನು ಬಲ್ಲ ತೀರ್ಪುಗಾರರು ಅನೇಕರಿರಬೇಕು. ಮಗು ಬರೆದ ವಕ್ರವಾದ ಸೂರ್ಯನ ಸುತ್ತ ಬಳೆಯಿಟ್ಟು ವೃತ್ತವನ್ನು ತಿದ್ದಿದವರಿಗೆ ಫಲಾಸಕ್ತಿ ಇದ್ದಿತು. ಮಗುವಿಗೆ ತನ್ನ ಸೂರ್ಯನೇ ಸಾಕಾಗಿದ್ದನು. ಗೀತೆಯ ನಿಷ್ಕಾಮಕರ್ಮದ ಉಪದೇಶವನ್ನು ನಾವು ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ. ಅದನ್ನು ಕೇಳಿಸಿಕೊಳ್ಳಬೇಕಾದವರು ಪಕ್ಕದಲ್ಲಿ ರಬ್ಬರನ್ನು ಹಿಡಿದು ಕುಳಿತಿರುತ್ತಾರೆ.

ಇನ್ನೊಂದು ಕೊರತೆಯನ್ನು ಹೇಳದಿದ್ದರೆ ವಿಚಾರವು ಅಪೂರ್ಣವಾದೀತು. ಈ ಸ್ಪರ್ಧೆಗಳಿಗೆ ಪ್ರವೇಶಶುಲ್ಕವಿರಲಿಲ್ಲವಾದರೂ ಒಂದು ಕಾಣದ ಶುಲ್ಕವಿತ್ತು: ಮನೆಯಲ್ಲಿ ಮೊಬೈಲು, ಅದಕ್ಕೆ ಡೇಟಾ, ಬಣ್ಣದ ಪೆಟ್ಟಿಗೆ, ಫೋಟೋ ಹಿಡಿದು ಕಳುಹಿಸುವಷ್ಟು ಬಿಡುವುಳ್ಳ ತಂದೆಯೋ ತಾಯಿಯೋ. ಕಟ್ಟಡದ ಕಾವಲುಗಾರನ ಮಗಳು ಅದೇ ಆವರಣದಲ್ಲಿದ್ದರೂ ಆ ವಾಟ್ಸಾಪ್ ಗುಂಪಿನಲ್ಲಿರಲಿಲ್ಲ. ಊರಿಗೆ ಹಿಂದಿರುಗಲೆಂದು ಹೆದ್ದಾರಿಯಲ್ಲಿ ನಡೆದ ಕೂಲಿಕಾರರ ಮಕ್ಕಳನ್ನು ಯಾವ ವಿಭಾಗಕ್ಕೂ ಸೇರಿಸಲಾಗದು. 2020ರ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ನಮ್ಮ ಸರಕಾರಿ ಶಾಲೆಯ ಉಪಾಧ್ಯಾಯರು ಗುಡಿಯ ಜಗಲಿ, ಮರದ ನೆರಳುಗಳನ್ನು ಹುಡುಕಿಕೊಂಡು ಮಕ್ಕಳಿದ್ದಲ್ಲಿಗೆ ಹೋದದ್ದು ಕೆಲವು ತಿಂಗಳಾದರೂ ಈ ಕೊರತೆಯನ್ನು ತುಂಬುವ ಯತ್ನವಾಗಿತ್ತು. ಸಾಕ್ಷಿಯ ಕಣ್ಣಿಗೆ ಭೇದವಿಲ್ಲವೆಂಬುದು ವೇದಾಂತ. ನಮ್ಮ ಕಣ್ಣಿಗಾದರೋ ಗೇಟು, ಗುಂಪು, ಬ್ಲಾಕುಗಳ ಭೇದವುಂಟು. ಸಮುದಾಯದ ಹೆಸರಿನಲ್ಲಿ ನಡೆಯುವ ಸ್ಪರ್ಧೆಯಲ್ಲಿ ಸಮುದಾಯವೆಂದರೆ ಯಾರು ಎಂಬುದನ್ನು ಮೊದಲು ತೀರ್ಮಾನಿಸಿಕೊಂಡು ಅನಂತರ ಚಿತ್ರದ ತೀರ್ಮಾನಕ್ಕೆ ಕೈಹಾಕುವುದು ಧರ್ಮ.

ಹೀಗಾಗಿ ಸ್ಪರ್ಧೆಗಳನ್ನು ನಿಲ್ಲಿಸಬೇಕೆಂದು ನಾನು ಹೇಳಲಾರೆ. ನಿಲ್ಲಿಸಿದರೆ ಕರೆಯೂ ನಿಂತುಹೋಗುತ್ತದೆ. ನಿಮಿತ್ತವು ನಿಮಿತ್ತವಾಗಿಯೇ ಉಳಿಯುವಂತೆ ನೋಡಿಕೊಳ್ಳುವ ಭಾರವು ನಡೆಸುವವರ ಮೇಲಿದೆ. ವಿಷಯವನ್ನು ಸಡಿಲವಾಗಿ ಬಿಡಲಿ. ಬಂದ ಚಿತ್ರಗಳನ್ನೆಲ್ಲ, ಗೆದ್ದವು ಗೆಲ್ಲದವು ಎನ್ನದೆ, ಹೆಸರು ಬರೆದು ಒಂದೇ ಎತ್ತರದಲ್ಲಿ ತೂಗುಹಾಕಲಿ. ಸಣ್ಣವರ ವಿಭಾಗದಲ್ಲಿ ಪ್ರಥಮ ದ್ವಿತೀಯಗಳನ್ನು ಬಿಟ್ಟೇಬಿಡಲಿ. ದೊಡ್ಡವರ ವಿಭಾಗದಲ್ಲಿ ಬಹುಮಾನ ಬೇಕೆಂದಾದರೆ, ಭರತನ ಪ್ರಾಶ್ನಿಕರಂತೆ ತಾವು ಯಾವ ಗುಣಕ್ಕೆ ಅದನ್ನು ಕೊಟ್ಟೆವೆಂಬುದನ್ನು ತೀರ್ಪುಗಾರರು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಲಿ. ತೀರ್ಪುಗಾರರನ್ನು ಆರಿಸುವಾಗ ಪದವಿ ಪ್ರಶಸ್ತಿಗಳನ್ನು ವಿಚಾರಿಸುವುದಕ್ಕೆ ಮುಂಚೆ ಒಂದು ಅರ್ಹತೆಯನ್ನು ವಿಚಾರಿಸುವುದು ಒಳ್ಳೆಯದು: ಚಿತ್ರ ಬರೆದ ಮಗುವನ್ನು ಹತ್ತಿರಕ್ಕೆ ಕರೆದು, “ಇದೇನು ಮರೀ?” ಎಂದು ಕೇಳಿ, ಅದು ಬೀಗದಿಂದ ತೊಡಗಿ ಉಯ್ಯಾಲೆಯವರೆಗೂ ಹೇಳಿ ಮುಗಿಸುವ ತನಕ ಗಡಿಯಾರವನ್ನು ನೋಡದೆ ಕುಳಿತಿರಬಲ್ಲರೆ? ಬಲ್ಲರಾದರೆ ಅವರ ಕೈಯಿಂದ ಬಹುಮಾನ ಬಂದರೂ ಬಾರದಿದ್ದರೂ ಮಗುವಿಗೆ ನಷ್ಟವಿಲ್ಲ. ಅವರಿಗಂತೂ ಲಾಭವಿದ್ದೇ ಇದೆ.